ಡಿಂಪ್ನಾ ಗಾಲ್ವೇಗೆ ಹೋದ ಗುರುವಾರ

ನಮ್ಮ ಕ್ಲೂನೀನಿನಲ್ಲಿ ಯಾರಾದರೂ ಮೂರು ಗಂಟೆಗೆ ಬಾ ಎಂದರೆ, ಕೇಳಿಸಿಕೊಂಡವನ ಬಾಯಿಂದ ಮೊದಲು ಬರುತ್ತಿದ್ದದ್ದು ಒಂದೇ ಪ್ರಶ್ನೆ: "ಹಳೇ ಟೈಮಾ, ಹೊಸಾ ಟೈಮಾ?" ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಬೇಕೆಂದು ಸರ್ಕಾರ ಅಪ್ಪಣೆ ಮಾಡಿದ್ದು ನಮ್ಮಪ್ಪನ ಕಾಲದಲ್ಲಿ. ಅಪ್ಪ ತಳ್ಳಲಿಲ್ಲ. ನಾನೂ ತಳ್ಳಲಿಲ್ಲ. ಹಸುವಿಗೆ ಪತ್ರಿಕೆ ಓದಲು ಬರುವುದಿಲ್ಲ, ಅದರ ಕೆಚ್ಚಲು ತುಂಬುವುದು ದೇವರ ಟೈಮಿಗೆ ಎನ್ನುವುದು ನಮ್ಮ ವಾದ. ಅರವತ್ತೆಂಟರಲ್ಲಿ ಡಬ್ಲಿನ್ ಸರ್ಕಾರದವರು ಚಳಿಗಾಲಕ್ಕೂ ಅದೇ ಹೊಸ ಟೈಮು ಎಂದಾಗ ನನ್ನ ಹಟ ಇನ್ನಷ್ಟು ಗಟ್ಟಿಯಾಯಿತು. ನನ್ನ ಹೆಂಡತಿ ಡೆಲಿಯಾ ಮಾತ್ರ ಹೊಸ ಟೈಮಿನವಳು. ನಮ್ಮ ಅಡುಗೆಮನೆಯಲ್ಲಿ ಎರಡು ಗಡಿಯಾರ: ಒಲೆಯ ಮೇಲಿನದು ನನ್ನದು, ಕಿಟಕಿಯ ಪಕ್ಕದ್ದು ಅವಳದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ ಸಂಸಾರ ಮಾಡಿದೆವು, ಸುಖವಾಗಿಯೇ ಮಾಡಿದೆವು.

ಇದನ್ನು ಮೊದಲೇ ಹೇಳದಿದ್ದರೆ ಡಿಂಪ್ನಾ ಗೇಟ್ಲಿಯ ಕತೆ ನಿಮಗೆ ತಿಳಿಯುವುದಿಲ್ಲ. ಅವಳು ತೀರಿಕೊಂಡು ಐದು ವರ್ಷವಾಯಿತು. ಅವಳ ಬಗ್ಗೆ ಯಾರೂ ಎಲ್ಲಿಯೂ ಒಂದು ಸಾಲು ಬರೆದಿಲ್ಲ, ಬರೆಯುವಂಥದ್ದೇನೂ ಅವಳು ಮಾಡಲೂ ಇಲ್ಲ. ಕೋಳಿ ಸಾಕಿದಳು, ಅಮ್ಮನನ್ನು ನೋಡಿಕೊಂಡಳು, ಎರಡು ಸಲ ಗಾಲ್ವೇಗೆ ಹೋಗಿ ಬಂದಳು. ಹೋದದ್ದು ನನ್ನ ಕಾರಿನಲ್ಲಿ. ಊರಿಗೆಲ್ಲ ಆಗ ಬಾಡಿಗೆಗೆ ಇದ್ದದ್ದು ನನ್ನ ಕಪ್ಪು ಫೋರ್ಡ್ ಒಂದೇ. ಮದುವೆಗೂ ಅದೇ, ಮಣ್ಣಿಗೂ ಅದೇ.

ಡಿಂಪ್ನಾಳದು ದೊಡ್ಡ ಮೈಕಟ್ಟು, ಸಣ್ಣ ದನಿ. ನಮ್ಮ ಮನೆಯಿಂದ ಎರಡು ಮೈಲಿಯಾಚೆ, ಜವುಗಿನ ಅಂಚಿನಲ್ಲಿ ಅವರ ಮನೆ. ಅವಳಿಗಿಂತ ಎರಡು ವರ್ಷ ಚಿಕ್ಕವಳು ತಂಗಿ ಟೆಸೀ. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು, ಒಂದೇ ಸೈಕಲ್ಲಿನಲ್ಲಿ ಚರ್ಚಿನ ಪೂಜೆಗೆ ಬರುತ್ತಿದ್ದವರು. ಐವತ್ತೆರಡರಲ್ಲಿ ಟೆಸೀ ಗಾಲ್ವೇ ಪಟ್ಟಣದ ಸನ್ಯಾಸಿನಿಯರ ಮಠ ಸೇರಿದಳು. ಶಾಲೆ ನಡೆಸುವ, ಆಸ್ಪತ್ರೆಯಲ್ಲಿ ಓಡಾಡುವ ಸಿಸ್ಟರುಗಳ ಮಠವಲ್ಲ ಅದು. ಒಳಗೆ ಹೋದವರು ಮತ್ತೆ ಹೊಸ್ತಿಲು ದಾಟಿ ಹೊರಗೆ ಬರುವುದಿಲ್ಲ. ಪ್ರಾರ್ಥನೆ, ಉಪವಾಸ, ಮೌನ, ಕೊನೆಗೆ ಮಠದ ಹಿತ್ತಲಲ್ಲೇ ಮಣ್ಣು.

ಮಾರನೇ ವರ್ಷ ಡಿಂಪ್ನಾ ನೋಡಲು ಹೋಗಿದ್ದಳು. ನೋಡಲು ಎನ್ನುವುದೇ ತಪ್ಪು. ಭೇಟಿಯ ಕೋಣೆಯನ್ನು ಎರಡು ಸಾಲು ಕಬ್ಬಿಣದ ಕಂಬಿ ಸೀಳಿತ್ತು, ಆ ಕಂಬಿಗಳ ಹಿಂದೆ ಕಪ್ಪು ಬಟ್ಟೆ. ಬಟ್ಟೆಯ ಆಚೆಯಿಂದ ದನಿ ಮಾತ್ರ ಬಂತು. "ಆ ದನಿಗೂ ನೆಗಡಿಯಾಗಿತ್ತು ಮಲಾಖಿ," ಎಂದು ವಾಪಸ್ಸು ಬರುವಾಗ ಕಾರಿನಲ್ಲಿ ನನಗೆ ಹೇಳಿದ್ದಳು. ಅದೇ ಚಳಿಗಾಲ ಅವರಮ್ಮ ಕೀಲುನೋವಿನಿಂದ ಹಾಸಿಗೆ ಹಿಡಿದಳು. ಹದಿನಾರು ವರ್ಷ ಹಿಡಿದ ಹಾಸಿಗೆ ಬಿಡಲಿಲ್ಲ. ಡಿಂಪ್ನಾ ಚರ್ಚಿಗೆ ಬಿಟ್ಟು ಇನ್ನೆಲ್ಲಿಗೂ ಹೋಗಲಿಲ್ಲ.

ಅವಳ ಬದಲಿಗೆ ಮೊಟ್ಟೆಗಳು ಹೋಗುತ್ತಿದ್ದವು. ಮದುವೆಯ ದಿನ ಮಳೆ ಬರದಿರಲಿ ಎಂದು ಮದುಮಗಳು ಆ ಮಠದ ಸನ್ಯಾಸಿನಿಯರಿಗೆ ಒಂದು ಡಜನ್ ಮೊಟ್ಟೆ ಕೊಟ್ಟು ಬರುವುದು ನಮ್ಮ ಕಡೆಯ ಪದ್ಧತಿ. ಗೋಡೆಯಲ್ಲಿ ಮರದ ತಿರುಗುವ ಪೆಟ್ಟಿಗೆಯೊಂದಿದೆ. ಮೊಟ್ಟೆ ಇಟ್ಟು ಗಂಟೆ ಬಾರಿಸಿದರೆ ಪೆಟ್ಟಿಗೆ ಒಳಕ್ಕೆ ತಿರುಗುತ್ತದೆ, ಒಳಗಿನಿಂದ ಒಂದು ದನಿ ಹರಸುತ್ತದೆ, ಅಷ್ಟೇ. ಯಾರ ಮಗಳಿಗೆ ಮದುವೆ ಗೊತ್ತಾದರೂ ಡಿಂಪ್ನಾ ತನ್ನದೂ ಒಂದು ಡಜನ್ ಕೊಟ್ಟು ಕಳಿಸುವಳು. ಹುಡುಗಿ ವಾಪಸ್ಸು ಬರುವುದನ್ನೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವಳು.

"ಒಳಗಿಂದ ಮಾತಾಡಿದ್ರಾ?"

"ಹೂಂ. ದೇವ್ರು ಒಳ್ಳೇದು ಮಾಡ್ಲಿ ಅಂದ್ರು."

"ದನಿ ಹೆಂಗಿತ್ತು? ದಪ್ಪಗಿತ್ತಾ, ಸಣ್ಣಗಿತ್ತಾ?"

ಮದುವೆಯ ಬಟ್ಟೆಯ ಚಿಂತೆಯಲ್ಲಿರುವ ಮದುಮಗಳಿಗೆ ದನಿಯ ಯೋಚನೆ ಎಲ್ಲಿಂದ ಬರಬೇಕು? ಒಬ್ಬಳು ದಪ್ಪ ಎಂದಳು, ಇನ್ನೊಬ್ಬಳು ಸಣ್ಣ ಎಂದಳು. ಅಷ್ಟರಿಂದಲೇ ಡಿಂಪ್ನಾ ಟೆಸೀಗೆ ಐವತ್ತೆಂಟರಲ್ಲಿ ಮೈ ಬಂತು, ಅರವತ್ತೊಂದರಲ್ಲಿ ಇಳಿಯಿತು ಎಂದೆಲ್ಲ ಲೆಕ್ಕ ಹಾಕಿದ್ದಳು. ಆ ದನಿ ಕ್ಲೇರ್ ಸೀಮೆಯ ಕಡೆಯಿಂದ ಬಂದ, ಬಾಗಿಲು ಕಾಯುವ ಮುದಿ ಸಿಸ್ಟರೊಬ್ಬಳದು ಎಂದು ಮದುವೆ ಹುಡುಗಿಯರನ್ನು ಕರೆದೊಯ್ಯುತ್ತಿದ್ದ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಹೇಳಲು ನನಗೇನು ಹುಚ್ಚೆ?

ಎಪ್ಪತ್ತರ ಜನವರಿಯಲ್ಲಿ ಅವರಮ್ಮ ತೀರಿಕೊಂಡಳು. ಜೂನಿನಲ್ಲಿ ಮಠದಿಂದ ಕಾಗದ ಬಂತು. ಡಿಂಪ್ನಾ ಅದನ್ನು ಎದೆಯೊಳಗಿಟ್ಟುಕೊಂಡು ಸೈಕಲ್ ತುಳಿದು ನಮ್ಮ ಮನೆಗೆ ಬಂದಳು. ಓದಿ ಹೇಳು ಎಂದು ಡೆಲಿಯಾಳ ಕೈಗೆ ಕೊಟ್ಟಳು. ಓದು ಅವಳಿಗೆ ಬರುತ್ತಿತ್ತು. ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು, ಅಷ್ಟೇ.

ಕಾಗದದಲ್ಲಿ ಎರಡು ಸುದ್ದಿಯಿದ್ದವು. ಒಂದು, ಮಠದ ನಿಯಮ ಸಡಿಲವಾಗಿದೆ, ಕಪ್ಪು ಬಟ್ಟೆ ತೆಗೆದಿದ್ದಾರೆ. ಒಂದೇ ಸಾಲು ಕಂಬಿ ಉಳಿದಿದೆ, ಅದರ ನಡುವೆ ಕೈ ತೂರುತ್ತದೆ. ಎರಡನೆಯದು, ಆಫ್ರಿಕಾದಲ್ಲಿ ಹೊಸ ಮಠ ಕಟ್ಟಲು ಐವರು ಸಿಸ್ಟರುಗಳು ಸೆಪ್ಟೆಂಬರಿನಲ್ಲಿ ಹೊರಡುತ್ತಾರೆ, ಅವರಲ್ಲಿ ಟೆಸೀಯೂ ಒಬ್ಬಳು. ಹೋದವರು ತಿರುಗಿ ಬರುವ ಏರ್ಪಾಡಿಲ್ಲ. ಹೊರಡುವ ಮುಂಚೆ ಹತ್ತು ದಿನ ಮೌನವ್ರತ. ಅದು ಶುರುವಾಗುವ ಹಿಂದಿನ ದಿನ, ಆಗಸ್ಟ್ ಕೊನೆಯ ಗುರುವಾರ ಮಧ್ಯಾಹ್ನ ಎರಡೂವರೆಗೆ, ಅಕ್ಕ ಬರಬಹುದು.

"ಹೋಗಿ ಬಾರೇ," ಎಂದಳು ಡೆಲಿಯಾ.

"ಹುಲ್ಲು ಕೊಯ್ಲು?"

"ಆಗಸ್ಟ್ ಕೊನೇಗೆ ಹುಲ್ಲು ಒಳಗೆ ಸೇರಿರ್ತದೆ. ಸೇರದಿದ್ರೆ ಕೊಳೀಲಿ ಬಿಡು. ತಂಗಿಗಿಂತ ಹುಲ್ಲು ಹೆಚ್ಚೇನೇ?"

ಅಲ್ಲಿಂದ ಎರಡು ತಿಂಗಳು ಡಿಂಪ್ನಾಳಿಗೆ ಅದೇ ಜಪ. ನೆಂಟರ ಮನೆಗೆ ಹೋಗಿ ಬರುವುದಕ್ಕೆ ಇಷ್ಟೊಂದು ತಯಾರಿ ಮಾಡಿದವರನ್ನು ನಾನು ಕಂಡಿಲ್ಲ. ಯಾವ ಟೋಪಿ? ಸಾವಿನ ಮನೆಯ ಕಪ್ಪು ಟೋಪಿ ಹಾಕಿದರೆ ಟೆಸೀಗೆ ದುಃಖವಾದೀತು, ನೀಲಿಯದು ಹಾಕಿದರೆ ಅಮ್ಮ ಸತ್ತ ವರ್ಷವೇ ಸಂಭ್ರಮವೇ ಎಂದು ಊರು ಆಡಿಕೊಂಡೀತು. ಏನು ಕೊಂಡೊಯ್ಯುವುದು? ಆ ಸಿಸ್ಟರುಗಳಿಗೆ ಸ್ವಂತದ್ದೆಂದು ಕರವಸ್ತ್ರವೂ ಇಲ್ಲ, ಕೊಟ್ಟದ್ದೆಲ್ಲ ಮಠಕ್ಕೆ. ಕೊನೆಗೆ ನಾಲ್ಕು ಡಜನ್ ಮೊಟ್ಟೆ ಎಂದು ತೀರ್ಮಾನವಾಯಿತು, ಕಂದು ಬಣ್ಣದವನ್ನೇ ಆರಿಸಿ. ಟೆಸೀ ಕೈ ಹಿಡಿದ ಮೇಲೆ ಸಮುದ್ರ. ಸಾಲ್ಟ್‌ಹಿಲ್‌ನ ದಂಡೆಯ ಉದ್ದಕ್ಕೂ ನಡೆದು, ಎಲ್ಲರಂತೆ ಕೊನೆಯ ಗೋಡೆಗೆ ಒಂದು ಒದೆ ಕೊಟ್ಟು, ಹುರಿದ ಮೀನು ತಿಂದು ಬರುವುದು. ಮೊದಲು ಟೆಸೀ, ಆಮೇಲೆ ಸಮುದ್ರ. ಈ ಕ್ರಮ ಅವಳು ಒಂದು ದಿನವೂ ಬದಲಿಸಲಿಲ್ಲ.

ಎಲ್ಲಕ್ಕಿಂತ ದೊಡ್ಡ ಚಿಂತೆ ಮಾತಿನದು. ಹದಿನೆಂಟು ವರ್ಷದ ಮಾತನ್ನು ಒಂದು ಭೇಟಿಯಲ್ಲಿ ಹೇಗೆ ಮುಗಿಸುವುದು? ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪಟ್ಟಿ ಬರೆದಳು. ಯಾರು ಸತ್ತರು, ಯಾರು ಬೋಸ್ಟನ್‌ಗೆ ಹೋದರು, ಯಾವ ಹಸು ಯಾವ ಹಸುವಿನ ಮಗಳು. ಒಂದು ಸಂಜೆ ನಮ್ಮ ಅಡುಗೆಮನೆಯಲ್ಲೇ ಅಭ್ಯಾಸವೂ ನಡೆಯಿತು. ಡೆಲಿಯಾ ಕುರ್ಚಿಯನ್ನು ಹಿಂದುಮುಂದಾಗಿ ಇಟ್ಟು ಅದರ ಬೆನ್ನುಕಡ್ಡಿಗಳ ಹಿಂದೆ ಆಲೂಗಡ್ಡೆ ಬುಟ್ಟಿ ಸಮೇತ ಕೂತಳು.

"ನಾನೇ ಟೆಸೀ ಅಂದ್ಕೋ. ಹೂಂ, ಶುರು ಮಾಡು."

"ನಗು ಬರ್ತದೆ ಡೆಲಿಯಾ. ನೀನು ಸಿಪ್ಪೆ ತೆಗೀತಾ ಕೂತಿದೀಯ."

"ಸನ್ಯಾಸಿನೀರಿಗೆ ಹೊಟ್ಟೆ ಇಲ್ವಾ? ಶುರು ಮಾಡೇ."

"ಟೆಸೀ, ಚೆನ್ನಾಗಿದೀಯಾ?"

"ದೇವರ ದಯೆ. ಮುಂದಕ್ಕೆ?"

"ಅಮ್ಮ ಹೋಗ್ಬಿಟ್ಳು."

"ನೋಡಿದ್ಯಾ, ಕೂತ ತಕ್ಷಣ ಸಾವಿನ ಸುದ್ದಿ. ಅದು ಅವಳಿಗೆ ಕಾಗದದಲ್ಲೇ ಗೊತ್ತಾಗಿದೆ. ಮೊದ್ಲು ಕೋಳಿ ವಿಷಯ ತೆಗಿ."

"ಕೋಳಿ ವಿಷಯ ತೆಗೆದ್ರೆ ಟೆಸೀ ಆಫ್ರಿಕಾಗೆ ಹೋಗೋವರ್ಗೂ ಮುಗಿಯಲ್ಲ," ಎಂದೆ ನಾನು.

ಡಿಂಪ್ನಾ ನಕ್ಕಳು. ನಗುತ್ತಲೇ ಕುರ್ಚಿಯ ಕಡ್ಡಿಗಳ ನಡುವೆ ಕೈ ತೂರಿಸಿ ಡೆಲಿಯಾಳ ಒದ್ದೆ ಕೈ ಹಿಡಿದಳು. ಹಿಡಿದವಳು ಬಿಡಲಿಲ್ಲ. ನಗು ನಿಂತಿತು.

"ಅವಳ ಮುಖ ನೆನಪಿಗೆ ಬರ್ತಿಲ್ಲ ಡೆಲಿಯಾ. ಹುಬ್ಬು ಬರ್ತದೆ, ಮೂಗು ಬರ್ತದೆ. ಎಲ್ಲಾ ಒಟ್ಟಿಗೆ ಬರಲ್ಲ. ರಾತ್ರಿ ಎಲ್ಲಾ ಜೋಡಿಸ್ತಾ ಇರ್ತೀನಿ."

ಡೆಲಿಯಾ ಚಾಕು ಕೆಳಗಿಟ್ಟಳು. ನಾನು ಹಸು ನೋಡುವ ನೆಪದಲ್ಲಿ ಹೊರಗೆ ಹೋದೆ.

ಆ ಗುರುವಾರಕ್ಕೆ ಮುಂಚಿನ ಭಾನುವಾರ, ಪೂಜೆ ಮುಗಿದು ಚರ್ಚಿನ ಗೇಟಿನ ಹತ್ತಿರ ಡಿಂಪ್ನಾ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಗುರುವಾರ ಹನ್ನೆರಡೂವರೆಗೆ ನಮ್ಮ ಗೇಟ್ ಹತ್ರ ಇರು ಮಲಾಖಿ. ಎರಡು ಗಂಟೆ ದಾರಿ ಇಟ್ಕೊಂಡ್ರೆ ಸರಿಹೋಗ್ತದೆ."

"ಇರ್ತೀನಿ."

"ಮರೀಬೇಡ."

"ಮರೆಯೋಕೆ ಇದೇನು ತೆರಿಗೆ ಕಟ್ಟೋದಾ? ಹನ್ನೆರಡೂವರೆ ಅಂದ್ರೆ ಹನ್ನೆರಡೂವರೆ."

ಹುಟ್ಟಿದಾಗಿನಿಂದ ಕೇಳುತ್ತ ಬಂದ ಆ ಒಂದು ಪ್ರಶ್ನೆಯನ್ನು ಆವತ್ತು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗೇಟ್ಲಿಗಳ ಮನೆ ಹಳೇ ಟೈಮಿನ ಮನೆ. ಅವರಮ್ಮನ ಹಟದ ಮುಂದೆ ನನ್ನದು ಏನೂ ಅಲ್ಲ. ಆ ಮನೆಯವಳ ಬಾಯಲ್ಲಿ ಹನ್ನೆರಡೂವರೆ ಎಂದರೆ ನನ್ನ ಹನ್ನೆರಡೂವರೆಯೇ ಎಂದುಕೊಂಡೆ. ಮಠದ ವಿಷಯವೆಂದ ಮೇಲೆ ಅದು ಹೊಸ ಟೈಮೇ, ಇದನ್ನೂ ಬಾಯಿಬಿಟ್ಟು ಹೇಳಬೇಕೆ ಎಂದು ಅವಳು ಅಂದುಕೊಂಡಳು. ಕಾರಿನವನು ಬೇರೆ ಊರಿನವನಾಗಿದ್ದರೆ ಅವಳು ಬಿಡಿಸಿ ಹೇಳುತ್ತಿದ್ದಳು, ಈ ತಪ್ಪು ಆಗುತ್ತಿರಲಿಲ್ಲ. ಡೆಲಿಯಾ ಮನೆಯಲ್ಲಿದ್ದಿದ್ದರೂ ಆಗುತ್ತಿರಲಿಲ್ಲ, ಆದರೆ ಅವಳು ಬುಧವಾರವೇ ಬಾಣಂತಿ ತಂಗಿಯನ್ನು ನೋಡಿಕೊಳ್ಳಲು ಆತ್ಲೋನಿಗೆ ಹೋಗಿದ್ದಳು.

ಗುರುವಾರ ಮೋಡವಿಲ್ಲದ ದಿನ. ಕಾರು ತೊಳೆದೆ, ಕಾಲರ್ ಹಾಕಿಕೊಂಡೆ, ಒಲೆಯ ಮೇಲಿನ ಗಡಿಯಾರ ನೋಡಿಕೊಂಡು ಹೊರಟೆ. ಡಿಂಪ್ನಾಳ ಗೇಟು ತಲುಪಿದಾಗ ಸರಿಯಾಗಿ ಹನ್ನೆರಡೂವರೆ. ಅವಳು ನೀಲಿ ಟೋಪಿ ಹಾಕಿಕೊಂಡು, ಮೊಟ್ಟೆಯ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಎಲ್ಲಿ ಸತ್ತಿದ್ದೆ?" ಎಂದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

"ಯಾಕೆ? ಹನ್ನೆರಡೂವರೆಗೆ ಸರಿಯಾಗಿ ಬಂದಿದೀನಲ್ಲ."

ಅವಳು ನನ್ನನ್ನೇ ನೋಡಿದಳು. "ಹಳೇ ಟೈಮಾ?" ಎಂದು ಮೆಲ್ಲಗೆ ಕೇಳಿದಳು. ಆ ಪ್ರಶ್ನೆ ಬರಬೇಕಾದದ್ದು ನಾಲ್ಕು ದಿನ ಮುಂಚೆ.

ಲೋಕಕ್ಕೆಲ್ಲ ಆಗ ಒಂದೂವರೆಯಾಗಿತ್ತು. ನಡೆದು ನಮ್ಮ ಮನೆಗೆ ಬರೋಣವೆಂದರೆ ನಾನು ಇನ್ನೊಂದು ರಸ್ತೆಯಲ್ಲಿ ಬಂದು ತಪ್ಪಿಹೋದೇನೆಂಬ ಭಯಕ್ಕೆ ಅವಳು ಗೇಟು ಬಿಟ್ಟು ಕದಲದೆ ಒಂದು ಗಂಟೆ ನಿಂತಿದ್ದಳು. ಕಾರು ಹತ್ತಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಕಾಗದ ಬಂದ ದಿನಾನೇ ಗಡಿಯಾರ ಹೊಸಾ ಟೈಮಿಗೆ ತಿರುಗಿಸಿದೆ," ಎಂದಳು ಆಮೇಲೆ. "ಅವಳು ಪ್ರಾರ್ಥನೆಗೆ ಏಳೋ ಹೊತ್ತಿಗೆ ನಾನೂ ಏಳ್ಬೇಕು, ಅವಳು ಊಟ ಮಾಡೋ ಹೊತ್ತಿಗೆ ನಾನೂ ಊಟ ಮಾಡ್ಬೇಕು ಅಂತ. ಎರಡು ತಿಂಗಳಿಂದ ಹಂಗೇ ಇದೀನಿ."

"ನಂಗೆ ಹೇಳ್ಬಾರ್ದಿತ್ತಾ?"

"ನೀನು ಕೇಳ್ಬಾರ್ದಿತ್ತಾ?"

ಆ ಮುದಿ ಫೋರ್ಡನ್ನು ನಾನು ಹಾಗೆ ಯಾವತ್ತೂ ಓಡಿಸಿರಲಿಲ್ಲ. ತಿರುವಿನಲ್ಲಿ ಬುಟ್ಟಿಯ ಮೊಟ್ಟೆಗಳು ಕಿಟಕಿಟ ಎನ್ನುತ್ತಿದ್ದವು. ಮೌಂಟ್‌ಬೆಲ್ಯೂ ದಾಟಿದ ಮೇಲೆ ಹುಲ್ಲಿನ ಗಾಡಿಯೊಂದು ರಸ್ತೆ ತುಂಬ ಹರಡಿಕೊಂಡು ಮುಂದೆ ಹೋಗುತ್ತಿತ್ತು. ಹಾರ್ನ್ ಹೊಡೆದರೆ ಗಾಡಿಯವನು ತಿರುಗಿ, ಗುರುತಿನವನೆಂದುಕೊಂಡು ಕೈ ಬೀಸಿದ. ಡಿಂಪ್ನಾ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ನನಗೆ ಕೋಪ ಬಂತು. ಗಾಡಿಯವನ ಮೇಲೆ, ಡಬ್ಲಿನ್‌ನವರ ಮೇಲೆ, ಸತ್ತ ನಮ್ಮಪ್ಪನ ಮೇಲೆ. ನನ್ನ ಮೇಲೆ ಬರಬೇಕಾದ ಕೋಪ ಮಾತ್ರ ಸರದಿಯಲ್ಲಿ ಕೊನೆಗೆ ನಿಂತಿತ್ತು.

ಮಠದ ಬಾಗಿಲಲ್ಲಿ ನಿಂತಾಗ ಮೂರೂ ಇಪ್ಪತ್ತೈದು. ಡಿಂಪ್ನಾ ಬುಟ್ಟಿ ಹಿಡಿದಿದ್ದಳು, ಗಂಟೆಯ ಹಗ್ಗ ನಾನು ಎಳೆದೆ. ಬಾಗಿಲು ತೆರೆದವಳು ಅದೇ ಕ್ಲೇರ್ ಕಡೆಯ ಮುದುಕಿ.

"ತಡ ಆಗೋಯ್ತು ಸಿಸ್ಟರ್," ಎಂದಳು ಡಿಂಪ್ನಾ. "ಎರಡೂವರೆ ಅಂದಿದ್ರು. ತಪ್ಪು ನಂದೇ. ಐದು ನಿಮಿಷ ಸಿಕ್ಕಿದ್ರೂ ಸಾಕು. ಮುಖ ನೋಡ್ತೀನಿ, ಹೋಗ್ಬಿಡ್ತೀನಿ."

"ಯಾಕವ್ವ ಇಷ್ಟು ಗಾಬರಿ? ಒಳಗೆ ಬಾ," ಎಂದಳು ಮುದುಕಿ ನಗುತ್ತ. "ನಿನ್ನ ತಂಗಿ ಬೆಳಗ್ಗೇನೇ ಮಠದ ದೊಡ್ಡ ಮದರ್ ಹತ್ರ ಹೋಗಿ ಹೇಳಿದಾಳೆ. ನಮ್ಮನೇವ್ರು ಹಳೇ ಟೈಮಿನೋರು, ಎರಡೂವರೆ ಅಂದ್ರೆ ಮೂರೂವರೆಗೆ ಬರ್ತಾರೆ, ಬಾಗಿಲು ಹಾಕ್ಬಿಡಬೇಡಿ ಅಂತ. ನಾಲ್ಕೂವರೆ ಗಂಟೆ ಹೊಡೆಯೋವರ್ಗೂ ಕೂತಿರಿ, ಮದರ್ ಒಪ್ಪಿದಾರೆ."

ಡಿಂಪ್ನಾ ಬುಟ್ಟಿಯನ್ನು ಮುದುಕಿಯ ಕೈಗೆ ಕೊಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು.

ನನಗೆ ಹೋದ ಜೀವ ಬಂದಂತಾಯಿತು. ಕಾಲುವೆಯ ಪಕ್ಕದ ಕಟ್ಟೆಯ ಮೇಲೆ ಕೂತು ಪೈಪು ಹೊತ್ತಿಸಿದೆ. ಸ್ವಲ್ಪ ಹೊತ್ತಿಗೆ ಜೀವದ ಜೊತೆ ಜಂಬವೂ ಬಂತು. ಹದಿನೆಂಟು ವರ್ಷ ಮಠದ ಗಂಟೆ ಕೇಳಿದರೂ ಆ ಹುಡುಗಿಯ ಎದೆಯಲ್ಲಿ ನಡೆಯುತ್ತಿರುವುದು ನಮ್ಮ ಹಳೇ ಟೈಮೇ ನೋಡು ಎಂದುಕೊಂಡೆ. ಡೆಲಿಯಾ ಬರಲಿ, ಹೇಳುತ್ತೇನೆ. ಅವಳ ಕಿಟಕಿ ಗಡಿಯಾರಕ್ಕೆ ಇಡೀ ಗಾಲ್ವೇಯಲ್ಲಿ ದಿಕ್ಕಿಲ್ಲ ಎಂದು ಹೇಳುತ್ತೇನೆ. ಹೇಳುವ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡು ಒಬ್ಬನೇ ನಗುತ್ತ ಕೂತಿದ್ದೆ.

ನಾಲ್ಕೂವರೆಯ ಗಂಟೆ ಹೊಡೆಯಿತು. ಡಿಂಪ್ನಾ ಹೊರಗೆ ಬಂದಳು. ಅತ್ತಿದ್ದಳು, ಆದರೆ ಮುಖ ತಿಳಿಯಾಗಿತ್ತು. ಬಲಗೈಯನ್ನು ಎಡಗೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದಳು.

"ಸಮುದ್ರಕ್ಕಾ?" ಎಂದೆ.

"ಹೂಂ."

ಸಾಲ್ಟ್‌ಹಿಲ್‌ನಲ್ಲಿ ಬಿಸಿಲು ಇಳಿಯುತ್ತಿತ್ತು. ಹುಲ್ಲು ಒಳಗೆ ಹಾಕಿ ಬಂದ ನಮ್ಮಂಥ ಒಳನಾಡಿನವರು ಪ್ಯಾಂಟು ಮಡಚಿ ನೀರಲ್ಲಿ ಕಾಲಿಟ್ಟು ನಿಂತಿದ್ದರು. ಡಿಂಪ್ನಾ ಕಾರಿನಿಂದ ಇಳಿಯಲಿಲ್ಲ. ಗೋಡೆಯೂ ಬೇಡ, ಮೀನೂ ಬೇಡ ಎಂದಳು. ಕಿಟಕಿ ಇಳಿಸಿ ನೀರು ನೋಡುತ್ತ ತಾನಾಗಿಯೇ ಹೇಳತೊಡಗಿದಳು. ಟೆಸೀಯ ಹುಬ್ಬು ನರೆತಿದೆಯಂತೆ. ಕೈ ಅಮ್ಮನ ಕೈಯೇ, ಗೆಣ್ಣು ದಪ್ಪ. ಪಟ್ಟಿ ಚೀಲದಿಂದ ಹೊರಗೆ ಬರಲೇ ಇಲ್ಲವಂತೆ. ಅರ್ಧ ಹೊತ್ತು ಇಬ್ಬರೂ ಸುಮ್ಮನೆ ಕೈ ಹಿಡಿದು ಮುಖ ನೋಡಿದರಂತೆ. ಇನ್ನರ್ಧದಲ್ಲಿ ಟೆಸೀ ತಮ್ಮ ಮನೆಯ ಬಾವಿಯ ದಾರಿ ಕೇಳಿದಳಂತೆ, ಬಾಗಿಲಿನಿಂದ ಬಾವಿಯವರೆಗೆ ಎಡಕ್ಕೇನು ಬಲಕ್ಕೇನು ಎಂದು ಒಂದೊಂದಾಗಿ.

"ಮಾತು ಮುಗೀತಾ?"

"ಎಲ್ಲಿ ಮುಗೀತದೆ? ಕಣ್ಣು ಮುಚ್ಚಿ ಬಿಡೋದ್ರಲ್ಲಿ ಗಂಟೆ ಹೊಡೀತು."

ನನ್ನ ಜಂಬ ಆಗಲೂ ಇಳಿದಿರಲಿಲ್ಲ. "ಏನೇ ಹೇಳು ಡಿಂಪ್ನಾ," ಎಂದೆ, "ಟೆಸೀ ನಮ್ಮೂರೋಳು. ನಮ್ಮ ಟೈಮು ನಂಬಿ ಮೂರೂವರೆಗೆ ಬಂದು ಕೂತ್ಲಲ್ಲ. ನಾನು ಬಂದಿದ್ದೇ ಸರಿಯಾದ ಹೊತ್ತು."

ಅವಳು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಎರಡೂವರೆಯಿಂದ ಕೂತಿದ್ಲು ಮಲಾಖಿ."

"ಏನು?"

"ಮದರ್ ಹತ್ರ ಹಂಗೆ ಹೇಳಿದ್ದು ನಿಜ. ಆದ್ರೂ ಅಮ್ಮ ಹೋದ್ಮೇಲೆ ಅಕ್ಕ ಗಡಿಯಾರ ಬದಲಾಯ್ಸಿದ್ರೂ ಬದಲಾಯ್ಸಿರಬಹುದು, ಬಂದ್ರೆ ಕಾಯ್ಬಾರ್ದು ಅಂತ ಎರಡೂವರೆಗೇ ಬಂದು ಕಂಬಿ ಹಿಂದೆ ಕೂತಿದ್ಲಂತೆ. ನನ್ನ ಕುರ್ಚಿ ನೋಡ್ಕೊಂಡು."

ಲೆಕ್ಕ ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎರಡೂವರೆಯಿಂದ ನಾಲ್ಕೂವರೆ. ಅವರಿಗೆ ಸಿಗಬಹುದಾಗಿದ್ದದ್ದು ಎರಡು ಗಂಟೆ, ಈ ಜನ್ಮಕ್ಕೆಲ್ಲ ಸೇರಿಸಿ. ಅದರಲ್ಲಿ ಒಂದು ಗಂಟೆ ಅಕ್ಕ ಗೇಟಿನ ಹತ್ತಿರ, ಹುಲ್ಲುಗಾಡಿಯ ಹಿಂದೆ ಕಳೆದಳು, ತಂಗಿ ಖಾಲಿ ಕುರ್ಚಿಯ ಮುಂದೆ ಕಳೆದಳು. ಇಬ್ಬರೂ ಒಬ್ಬರಿಗಾಗಿ ಒಬ್ಬರು ತಮ್ಮ ಗಡಿಯಾರ ಬದಲಿಸಿದ್ದರು. ಬದಲಿಸದವನು ನಾನೊಬ್ಬನೇ.

"ಕ್ಷಮಿಸು ಡಿಂಪ್ನಾ," ಎಂದೆ.

"ಮನೆಗೆ ಹೋಗೋಣ. ಕೋಳಿ ಮುಚ್ಚಬೇಕು," ಎಂದಳು.

ಸೆಪ್ಟೆಂಬರಿನಲ್ಲಿ ಟೆಸೀ ಹೋದಳು. ಆಮೇಲೆ ಬಂದದ್ದು ಕಾಗದಗಳು, ವರ್ಷಕ್ಕೆ ಎರಡು. ಆದರೆ ನನ್ನ ಮನಸ್ಸಿನಲ್ಲಿ ಇಂದಿಗೂ ಕೂತಿರುವುದು ಆ ಗುರುವಾರದ ನಂತರದ ಭಾನುವಾರ. ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದರು. ಆತ್ಲೋನಿನಿಂದ ಹಿಂದಿನ ಸಂಜೆಯಷ್ಟೇ ಬಂದ ಡೆಲಿಯಾ ಡಿಂಪ್ನಾಳ ಎರಡೂ ಕೈ ಹಿಡಿದುಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ಮನೆಯಲ್ಲಿ ಅವಳಿಗೆ ಏನನ್ನೂ ಹೇಳಿರಲಿಲ್ಲ.

"ನೋಡಿದ್ಯೇನೇ ತಂಗೀನ?"

"ನೋಡ್ದೆ. ಕೈ ಹಿಡ್ಕೊಂಡೆ."

"ಅಬ್ಬ. ಈ ಮಹರಾಯ ಹೊತ್ತಿಗೆ ಸರಿಯಾಗಿ ಬಂದನೋ ಇಲ್ವೋ? ನಂಗೆ ಅದೇ ಹೆದ್ರಿಕೆ ಆಗಿತ್ತು ಕಣೆ."

ಡಿಂಪ್ನಾ ನನ್ನ ಕಡೆ ನೋಡಲಿಲ್ಲ.

"ಬಂದ," ಎಂದಳು. "ಹೇಳಿದ ಹೊತ್ತಿಗೆ ಸರಿಯಾಗಿ ಬಂದ."